ಎಂತ ಚಿಪ್ಪು?

ಎಂ.ಎಸ್ಸಿ. ಓದಿ ಸಂದೇಶ ಹೆಗಡೆ ಸಂಪಾದಿಸಿದ ವಿದ್ಯೆಯ ಸಾರ ಇಷ್ಟು: ಮೂಗು ಮುಚ್ಚಿಕೊಳ್ಳದೆ ಸಿಗಡಿ ಚಿಪ್ಪು ತೊಳೆಯಬಲ್ಲ.

ಶಿರಸಿಯ ಹುಬ್ಬಳ್ಳಿ ರಸ್ತೆಯ ಸಣ್ಣ ಪ್ರಯೋಗಾಲಯವೊಂದು ಅದಕ್ಕೇ ಅವನಿಗೆ ಸಂಬಳ ಕೊಡುತ್ತಿತ್ತು. ಕುಮಟೆಯಿಂದ ಬಂದ ಚಿಪ್ಪನ್ನು ಆಮ್ಲದಲ್ಲಿ ನೆನೆಸಿ, ಕ್ಷಾರದಲ್ಲಿ ಬೇಯಿಸಿದರೆ ಕೈಟೋಸಾನ್ ಎಂಬ ಬಿಳಿ ಪುಡಿ ಸಿಗುತ್ತದೆ. ಗಾಯಕ್ಕೆ ಒಳ್ಳೆಯದು. ಆದರೆ ಅದು ಕರಗುವುದು ಹುಳಿಯಲ್ಲಿ ಮಾತ್ರ. ಹಸಿಗಾಯಕ್ಕೆ ಹುಳಿ ಹಚ್ಚಿದರೆ ರೋಗಿ ಹೊಡೆಯಲು ಬಂದಾನು. ಆದ್ದರಿಂದ ಪುಡಿಯ ಅಣುಸರಪಳಿಗೆ ನೀರಿನ ಜೊತೆ ಸಲಿಗೆಯಿರುವ ಕೊಂಡಿಗಳನ್ನು ಜೋಡಿಸಿ, ಬರೀ ನೀರಲ್ಲಿ ಕರಗಿಸಬೇಕಿತ್ತು. ಮಳೆಗಾಲ ಮುಗಿದರೂ ಅದು ಕರಗಲಿಲ್ಲ. ಒಮ್ಮೆ ಗಂಟು, ಒಮ್ಮೆ ಗಂಜಿ. ಹೀಗೇ ಆದರೆ ತನ್ನ ಕೈಗೆ ಬೇರೆಯದೇ ಚಿಪ್ಪು ಬರುತ್ತದೆಂದು ಅವನಿಗೆ ಗೊತ್ತಿತ್ತು.

ಸಿಗಡಿ ಚಿಪ್ಪಿನ ಕೆಲಸವೆಂದು ಮನೆಯಲ್ಲಿ ಹೇಳುವ ಧೈರ್ಯವಿರಲಿಲ್ಲ. ಆಯಿ ನೀಲಾ ಊರವರ ಹೋಮ, ತಿಥಿಗಳಿಗೆ ಅಡುಗೆ ಮಾಡುವವಳು. ಮಗ ದಿನವಿಡೀ ಸಿಗಡಿ ಮುಟ್ಟಿ, ಅದೇ ಕೈಯಲ್ಲಿ ಅವಲಕ್ಕಿ ಡಬ್ಬಿ ತೆಗೆಯುತ್ತಾನೆಂದು ತಿಳಿದರೆ ಕೆಲಸ ಬಿಡಿಸದೆ ಇರುತ್ತಾಳೆಯೇ? ಅದಕ್ಕೇ “ಚಿಪ್ಪಿನ ಪುಡಿಯಿಂದ ಔಷಧಿ ಮಾಡೋದು” ಎಂದಷ್ಟೇ ಹೇಳಿದ್ದ. ಸುಳ್ಳೂ ಅಲ್ಲವಲ್ಲ ಎಂದು ತನ್ನ ಜಾಣತನಕ್ಕೆ ತಾನೇ ತಲೆದೂಗಿದ್ದ.

ಆ ಜಾಣತನ ಒಂದು ಬೆಳಿಗ್ಗೆ ಆಟೋದಲ್ಲಿ ಬಂದಿಳಿಯಿತು. ಪ್ರಯೋಗಾಲಯದ ಬಾಗಿಲಲ್ಲಿ ಆಯಿ, ಮಣಿಕಟ್ಟಿನ ಮೇಲೆ ಹಿಂದಿನ ದಿನ ಎಣ್ಣೆ ಸಿಡಿದ ಬೊಬ್ಬೆ, ಪಕ್ಕದಲ್ಲಿ ಮೂಟೆ ತುಂಬ ತೆಂಗಿನ ಗರಟೆ.

“ತಮಾ, ಅಡುಗೆಗೆ ಹೋದ ಮನೇಲೆಲ್ಲ ಕೇಳಿ ಒಟ್ಟುಮಾಡಿದ್ದು. ಚಿಪ್ಪು ಬೇಕು ಹೇಳ್ತಿದ್ದೆ ಅಲ್ದ?”

ಚಿಪ್ಪು ತೊಳೆಯುತ್ತಿದ್ದ ಹುಲಗೋಳದ ಸುನೀಲ ತಲೆ ಎತ್ತಿ ನಕ್ಕುಬಿಟ್ಟ. “ಅಮ್ಮಾ, ಇದು ಒಲೆಗಾಯ್ತು. ನಮ್ಮದು ಶೆಟ್ಲಿ, ಸಿಗಡಿ ಚಿಪ್ಪು! ಹೆಗಡೇರು ಹೇಳ್ಲಿಲ್ವ?”

“ಬಾಯಿ ಮುಚ್ಚ ಮಾರಾಯಾ,” ಎಂದ ಸಂದೇಶ. ಆಗಲೇ ತಡವಾಗಿತ್ತು. ಆಯಿ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಳು.

ಏನು ಮಾಡಲೂ ತೋಚದೆ ಅವನು ಮೇಜಿನತ್ತ ತಿರುಗಿದ. ಬೆಳಿಗ್ಗೆ ನೀರಿಗೆ ಹಾಕಿಟ್ಟ ಹೊಸ ಪುಡಿಯಲ್ಲಿ ಗಂಟಿಲ್ಲ, ಗಂಜಿಯಿಲ್ಲ. ಬೀಕರಿನ ಆಚೆ ಸುನೀಲನ ಹಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು. ಇಷ್ಟು ದಿನ ಸತಾಯಿಸಿದ್ದಕ್ಕೆ ಬೇರೆ ಮುಹೂರ್ತ ಸಿಗಲಿಲ್ಲವೇ!

“ಆಯಿ, ನೋಡು! ಬರೀ ನೀರಲ್ಲೇ ಕರಗಿದ್ದು. ನಾತವೂ ಇಲ್ಲೆ.”

ಆಯಿ ಬಗ್ಗಿ ನೋಡಿದಳು. “ಪುಡಿ ಕರಗಿದ್ದು ಸರಿ. ಮೈಲಿಗೆ ಕರಗಿದ್ದಾ?” ಎಂದು ಮೂಟೆಯನ್ನು ಮತ್ತೆ ಆಟೋಗೆ ಹೇರಿಸಿಕೊಂಡು ಹೋದಳು.

ಕೆಲಸ ಉಳಿಯಿತು, ಮನೆ ಹೋಯಿತು ಎಂದುಕೊಂಡೇ ಸಂಜೆ ಬಂದ. ಹಿತ್ತಲ ಬಚ್ಚಲಲ್ಲಿ ಹೊಗೆ ಏಳುತ್ತಿತ್ತು. ಒಲೆಯ ಪಕ್ಕ ಅದೇ ಮೂಟೆ. ಆಯಿ ಮನೆಯೊಳಗಿಂದಲೇ ಕೂಗಿದಳು:

“ಒಳಗೆ ಬರಡ! ದಿನಾ ಮೊದಲು ಮಿಂದ್ಕಂಡು ಬಾ. ಗರಟೆ ಇದ್ದಲಿ, ಉರಿ ಹಾಕು.”

ಅಂದರೆ ಕೆಲಸ ಬಿಡಬೇಕಿಲ್ಲ. ಅವನು ನಿಟ್ಟುಸಿರುಬಿಟ್ಟು ಒಲೆಗೆ ಗರಟೆ ತುರುಕಿದ. ಸ್ವಲ್ಪ ಹೊತ್ತಿಗೆ ಆಯಿ ಬಾಗಿಲ ಸಂದಿಯಿಂದ ಬೊಬ್ಬೆಯೆದ್ದ ಕೈ ಚಾಚಿದಳು.

“ಆ ನೀರು ಇದಕ್ಕೆ ಹಚ್ಚಲಕ್ಕಾ?”

“ಈಗ್ಲೇ ಹಚ್ಚಲಾಗ ಆಯಿ. ಮೊದಲು ಪರೀಕ್ಷೆ ಎಲ್ಲ ಆಗವು, ಅದಕ್ಕೆ ವರ್ಷಗಟ್ಟಲೆ ಬೇಕು.”

“ಥೋ! ಹಂಗಾರೆ ಇಷ್ಟು ದಿನ ಆ ನಾತ ಹೊತ್ಕಂಡು ಬಂದಿದ್ದು ಎಂತಕ್ಕಾ?”

ಸಂದೇಶ ಇನ್ನೊಂದು ಗರಟೆ ಒಲೆಗೆ ಹಾಕಿದ.