ಬಿಳಿ ಒಂದರ ಅಕ್ಕೋರು

ಅಂಕೋಲೆಯ ಆ ಕೇರಿಯಲ್ಲಿ ಕೀಬೋರ್ಡ್ ಇದ್ದದ್ದು ನಾಗಶ್ರೀಯ ಮನೆಯಲ್ಲಿ ಮಾತ್ರ. ಊರಿಗೊಬ್ಬಳೇ ಪದ್ಮಾವತಿ ಎಂದಮೇಲೆ ಕೇಳಬೇಕೇ? ಪಿಯುಸಿ ಓದುವಾಗಲೇ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಶುರುಮಾಡಿದ್ದಳು. ಭಜನೆಯಿರಲಿ, ಸಿನಿಮಾ ಹಾಡಿರಲಿ, ಒಮ್ಮೆ ಕೇಳಿದರೆ ಸಾಕು, ಬೆರಳಿಗೆ ಬರುತ್ತಿತ್ತು. ಹಾಡುವವರು ಯಾವ ಶ್ರುತಿ ಹಿಡಿದರೂ ಅವಳಿಗೆ ಚಿಂತೆಯಿಲ್ಲ. ಕೀಬೋರ್ಡಿನಲ್ಲಿ ಶ್ರುತಿ ಏರಿಸಿ ಇಳಿಸುವ ಒಂದು ಗುಂಡಿಯಿದೆ. ಅದನ್ನೊತ್ತಿ, ಬಿಳಿ ಕೀಲಿಗಳಲ್ಲಿ ಮೊದಲನೆಯದಾದ ಬಿಳಿ ಒಂದನ್ನೇ ಸಾ ಮಾಡಿಕೊಂಡು, ಗೊತ್ತಿದ್ದ ದಾರಿಯಲ್ಲೇ ಬೆರಳು ಓಡಿಸುವುದು. ಮಕ್ಕಳಿಗೂ ಅದನ್ನೇ ಕಲಿಸಿದಳು. ಧಾರವಾಡದಲ್ಲಿ ಸಂಗೀತದ ಡಿಗ್ರಿಗೆ ಸೀಟು ಸಿಕ್ಕಾಗ ತಾಯಿ ಬೊಮ್ಮಿ ಕೇರಿಗೆಲ್ಲ ಸಕ್ಕರೆ ಹಂಚಿದಳು.

ಕಾಲೇಜಿನಲ್ಲಿ ನುಡಿಸಿದರೆ ಸಾಲದು, ಶಾಸ್ತ್ರವೂ ಬರಬೇಕು ಎಂದು ಗೊತ್ತಾದದ್ದು ಆಮೇಲೆ. ತಯಾರಿಗೆಂದು ಕಾರವಾರದ ಜಯಾ ಅಕ್ಕೋರ ಮನೆಗೆ ಹೋದಳು. ಅವರು ನಿವೃತ್ತ ಸಂಗೀತ ಶಿಕ್ಷಕಿ. ಮೊದಲ ದಿನವೇ ಹಾರ್ಮೋನಿಯಂ ಮುಂದಿಟ್ಟು, ಕಪ್ಪು ನಾಲ್ಕನ್ನು ಸಾ ಮಾಡಿಕೊಂಡು ಭೂಪ ರಾಗದ ಆರೋಹ ನುಡಿಸು ಎಂದರು. ನಾಗಶ್ರೀಯ ಕೈ ತಾನಾಗಿ ಪೆಟ್ಟಿಗೆಯ ಬದಿ ಸವರಿತು.

"ಎಂತಾ ಹುಡುಕ್ತಿದ್ಯೇ ಮಗಾ?"

ಗುಂಡಿ ಹುಡುಕುತ್ತಿದ್ದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು. ನುಡಿಸಿದ ಸ್ವರಗಳಲ್ಲಿ ಹೆಚ್ಚಿನವು ತಪ್ಪಿದವು.

"ಸಾ ಅಂದ್ರೆ ಬಿಳಿ ಒಂದಕ್ಕೆ ಮೊಳೆ ಹೊಡ್ದು ಕೂರ್ಸಿದ್ದಲ್ಲ. ಅದು ಎಲ್ಲಿ ಕೂತ್ರೂ ಉಳಿದದ್ದರ ಅಂತರ ನಿಂಗೆ ಗೊತ್ತಿರ್ಬೇಕು. ಕಲೀಲಿಕ್ಕೆ ಬಂದವ್ಳಿಗೆ ನಾಚ್ಕೆ ಎಂತಕ್ಕೆ?" ಎಂದರು ಅಕ್ಕೋರು.

ಕಲಿಯಲು ಬಂದವಳಿಗೆ ನಾಚಿಕೆ ಬೇಡ, ಒಪ್ಪೋಣ. ಆದರೆ ತಾನು ಕಲಿಸುವವಳೂ ಹೌದು ಎಂಬುದನ್ನು ನಾಗಶ್ರೀ ಹೇಳಲೇ ಇಲ್ಲ.

ಹನ್ನೆರಡು ಸ್ವರಸ್ಥಾನ, ಥಾಟು, ವಾದಿ, ಸಂವಾದಿ ಎಲ್ಲವೂ ಮೆಲ್ಲಗೆ ತಲೆಗೆ ಹತ್ತಿದವು. ಸಂಜೆಯಾದರೆ ಮಾತ್ರ ಮಕ್ಕಳು ಎಂದಿನಂತೆ ಜಗಲಿಗೆ ಬರುತ್ತಿದ್ದರು. ಕಲಿಸಿದ್ದು ಅರೆಬರೆ ಎಂದು ಒಪ್ಪಿಕೊಂಡರೆ ಕೇರಿಯಲ್ಲಿ ತಲೆಯೆತ್ತುವುದು ಹೇಗೆ? ಧಾರವಾಡಕ್ಕೆ ಹೋದಮೇಲೆ ಯಾರು ಕೇಳುತ್ತಾರೆ ಎಂದು ಮತ್ತೆ ಗುಂಡಿಯನ್ನೇ ಒತ್ತಿದಳು. ತಾನು ಕೆಟ್ಟ ಕೋತಿ ವನವೆಲ್ಲ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಆ ಮಕ್ಕಳಲ್ಲಿ ಪಕ್ಕದ ಮನೆಯ ಪೂಜಾ ಎಲ್ಲರಿಗಿಂತ ಚುರುಕು. ಏಳನೇ ಕ್ಲಾಸು. ಕಾರವಾರದ ಭಜನಾ ಸ್ಪರ್ಧೆಯಲ್ಲಿ ಗೆಳತಿ ಹರಿಣಿ ಹಾಡುವುದು, ಇವಳು ಕೀಬೋರ್ಡಿನಲ್ಲಿ ಸಾಥ್ ಕೊಡುವುದು ಎಂದಾಗಿತ್ತು. ಹಿಂದಿನ ದಿನ ಓಡಿ ಬಂದಳು.

"ನಾಗಕ್ಕಾ, ಕೀಬೋರ್ಡ್ ತರೂದು ಬ್ಯಾಡ ಅಂದ್ರು. ಅಲ್ಲಿ ಹಾರ್ಮೋನಿಯಂ ಅದೆಯಂತೆ. ಅಡ್ಡಿಲ್ಲ ಅಲ್ಲಾ?"

ಆಗ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. "ಅಡ್ಡಿಲ್ಲ, ಎರಡೂ ಒಂದೇ" ಎಂದಳು ನಾಗಶ್ರೀ.

ಸ್ಪರ್ಧೆಗೆ ತೀರ್ಪುಗಾರರಾಗಿ ಬಂದಿದ್ದವರು ಜಯಾ ಅಕ್ಕೋರು. ಮೂರನೇ ಸಾಲಿನಲ್ಲಿದ್ದ ನಾಗಶ್ರೀ ಮುಂದಿನವರ ಬೆನ್ನ ಮರೆಗೆ ಸರಿದು ಕೂತಳು. ಹರಿಣಿ ಎಂದಿನಂತೆ ಕಪ್ಪು ನಾಲ್ಕರಲ್ಲಿ ಹಾಡು ಎತ್ತಿಕೊಂಡಳು. ಪೂಜಾ ಬಿಳಿ ಒಂದರಿಂದ ಶುರುಮಾಡಿದಳು. ಹಾಡು ಏರಿಗೆಳೆದರೆ ಪೆಟ್ಟಿಗೆ ನೀರಿಗೆಳೆಯಿತು. ಪೂಜಾ ಪೆಟ್ಟಿಗೆಯ ಬದಿ ತಡಕಿದಳು, ಕೊನೆಗೆ ಬಗ್ಗಿ ಅಡಿಯನ್ನೂ ನೋಡಿದಳು. ಸಭೆ ಗೊಳ್ಳೆಂದು ನಕ್ಕಿತು. ಹರಿಣಿ ಹಾಡು ಬಿಟ್ಟು ಅಳತೊಡಗಿದಳು.

ಜಯಾ ಅಕ್ಕೋರು ನಗಲಿಲ್ಲ. ಆ ಹುಡುಕಾಟದ ಗುರುತು ಅವರಿಗೆ ಸಿಕ್ಕಿರಬೇಕು. "ಯಾರ ಹತ್ರ ಕಲ್ತದ್ದು ತಂಗೀ?" ಎಂದು ಕೇಳಿದರು.

ಪೂಜಾ ಮೂರನೇ ಸಾಲಿನತ್ತ ನೋಡಿದಳು. ನಾಗಶ್ರೀ ಚಪ್ಪಲಿ ಸರಿಮಾಡುವವಳಂತೆ ಬಗ್ಗಿದಳು.

"ಯಾರ ಹತ್ರನೂ ಅಲ್ಲ ಅಕ್ಕೋರೇ. ನಾನೇ ಫೋನ್ ನೋಡಿ ಕಲ್ತೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನಾಗಶ್ರೀಗೆ. ಎದ್ದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅಷ್ಟು ನಾಚಿಕೆಯನ್ನು ಅವಳು ಹುಟ್ಟಿದಾರಭ್ಯ ಉಂಡಿರಲಿಲ್ಲ.

ಹರಿಣಿ ಅಪ್ಪನ ಬೈಕಿನಲ್ಲಿ ಹೋದಳು. ಇವರಿಬ್ಬರೂ ಅಂಕೋಲೆ ಬಸ್ಸು ಹತ್ತಿದರು. ಬಸ್ಸು ಕಾರವಾರದಾಚೆಯ ಬಿಣಗಾ ದಾಟಿತು. ಆಮೇಲೆ ಪೂಜಾ ಅವಳ ಕೈ ಹಿಡಿದುಕೊಂಡಳು.

"ನಿಮ್ಮ ಹೆಸ್ರು ಹೇಳಿಲ್ಲ ನಾಗಕ್ಕಾ. ನಾನೇ ಸರಿ ಕಲ್ತಿಲ್ಲ, ನಿಮ್ಗೆ ಎಂತಕ್ಕೆ ಕೆಟ್ಟ ಹೆಸ್ರು?"

ನಾಗಶ್ರೀ ಅವಳತ್ತ ತಿರುಗಿದಳು. "ನೀ ಸರಿಯಾಗೇ ಕಲ್ತಿದ್ದೆ. ನಾ ಕಲ್ಸಿದ್ದೇ ತಪ್ಪು. ಹಾರ್ಮೋನಿಯಂಗೆ ಆ ಗುಂಡಿ ಇರೂದಿಲ್ಲ."

"ನಿನ್ನೆ ನಾ ಕೇಳ್ದಾಗ ನಿಮ್ಗೂ ಗೊತ್ತಿರ್ಲಿಲ್ಲ ಅಲ್ಲಾ?"

"ಗೊತ್ತಿತ್ತು."

ಪೂಜಾ ಕೈ ಬಿಟ್ಟಳು. ಎದ್ದು, ಮುಂದೆ ಖಾಲಿಯಿದ್ದ ಸೀಟಿಗೆ ಹೋಗಿ ಕುಳಿತಳು.