ಫುಲ್ಲಾಳ ಕೆಂಪು ಕಣ್ಣು

ಬೆಳಗಿನ ನಮಾಜು ಮುಗಿಸಿದ ಅಬ್ದುಲ್ ಆಲ್ ಮೆಟ್ಟಿಲ ಕೆಳಗೆ ಬಚ್ಚಿಟ್ಟ ಹಳೆಯ ನಿಲುವಂಗಿ ತೊಡುತ್ತಾರೆ. ಅದು ನಾಯಿಗಳಿಗೆಂದೇ ಮೀಸಲು. ಕೈರೋದ ಮಾದಿ ಬಡಾವಣೆಯಲ್ಲಿ ಐದಂತಸ್ತಿನ ಕಟ್ಟಡವೊಂದರ ಕಾವಲುಗಾರ ಅವರು. ನಿವಾಸಿಗಳ ನಾಯಿಗಳನ್ನು ಅಡ್ಡಾಡಿಸಿ ತರುವುದು ಮೇಲುಗೆಲಸ.

ಹೊರಡುವ ಮೊದಲು ಪ್ರತಿ ನಾಯಿಯ ಮುಖವನ್ನೂ ಬೆಳಕಿಗೆ ತಿರುಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಎರಡೂ ಕಣ್ಣುಗಳನ್ನು ಹೋಲಿಸಿ ನೋಡುತ್ತಾರೆ. ಇವತ್ತು ರೋಕಿ ಎಂಬ ದಡಿಯನ ಕಣ್ಣು ತುಸು ಕೆಂಪಗಿದೆ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಹೊರಕ್ಕೆ ಒರೆಸುತ್ತಾರೆ.

"ಇದು ಬರೀ ಧೂಳು, ಸಂಜೆಯೊಳ್ಗೆ ಕೆಂಪು ಹೋಗ್ಬೇಕು. ಕಣ್ಣು ಬಿಡೋಕಾಗ್ದೆ ಕಾಲಲ್ಲಿ ಕೆರ್ಕೊಂಡ್ರೆ, ಕೀವು ಬಂದ್ರೆ, ಗುಡ್ಡೆ ಮಬ್ಬಾದ್ರೆ ಆವತ್ತೇ ಡಾಕ್ಟ್ರು. ಮನೇಲಿ ಉಳಿದ ಡ್ರಾಪ್ಸ್ ಹಾಕ್ಲೇಬಾರ್ದು," ಎನ್ನುತ್ತಾರೆ.

ಅವರ ಹೆಸರನ್ನು ನಮ್ಮ ಪತ್ರಿಕೆಗೆ ತಿಳಿಸಿದವರು ಮೂರನೇ ಮಹಡಿಯ ವಿಧವೆ ಮದಾಂ ಈನಾಸ್. ತಮ್ಮ ಬಿಳಿ ನಾಯಿ ಫುಲ್ಲಾಳ ಕಣ್ಣಿನ ಕಾಯಿಲೆಯನ್ನು ಮೊದಲು ಕಂಡುಹಿಡಿದವರು ಅಬ್ದುಲ್ ಆಲ್ ಅವರೇ ಎಂದು ಆಕೆ ಸಿಕ್ಕವರಿಗೆಲ್ಲ ಹೇಳುತ್ತಾರೆ. ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಅಬ್ದುಲ್ ಆಲ್ ನಾಚಿಕೆಯಿಂದ ಕುಗ್ಗಿಹೋಗುತ್ತಾರೆ.

ನಡೆದದ್ದೇ ಬೇರೆ. ಕಳೆದ ಚಳಿಗಾಲದಲ್ಲಿ ಮಗಳು ಸಬ್ರೀನ್‌ಳನ್ನು ಕೇಳಲು ದಕ್ಷಿಣದ ಸೊಹಾಗ್ ಊರಿನಿಂದ ಗಂಡಿನ ಕಡೆಯವರು ಬಂದಿದ್ದರು. ನಾಯಿಯ ಎಂಜಲು ತಾಗಿದರೆ ಮೈಲಿಗೆ ಎನ್ನುವ ಜನ. ನಾಯಿ ಅಡ್ಡಾಡಿಸುವ ಕೆಲಸ ಅವರಿಗೆ ಗೊತ್ತಿರಲಿಲ್ಲ; ಅವರ ಪಾಲಿಗೆ ಅಬ್ದುಲ್ ಆಲ್ ಬರೀ ಕಾವಲುಗಾರ. ಗೇಟಿನ ಬಳಿಯ ಬೆಂಚಿನಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಫುಲ್ಲಾ ಯಜಮಾನಿಯ ಕೈ ತಪ್ಪಿಸಿಕೊಂಡು ಓಡಿಬಂದು ಅಬ್ದುಲ್ ಆಲ್ ಅವರ ಮೊಣಕಾಲಿಗೆ ತಲೆ ಉಜ್ಜಿದಳು. ಒಂದು ಕಣ್ಣು ಕೆಂಡದಂತೆ ಕೆಂಪಾಗಿ ಅರ್ಧ ಮುಚ್ಚಿತ್ತು.

ಹುಡುಗನ ತಂದೆ ಹಾಜಿ ಶಾಜ್ಲಿ ನಿಲುವಂಗಿ ಎತ್ತಿಕೊಂಡು ಸರಿದು ಕೂತು, "ಇದೇನು, ನಿಮ್ಮ ನಾಯಿನಾ?" ಎಂದರು.

"ಅಯ್ಯೋ, ನಂಗೂ ಇದಕ್ಕೂ ಏನ್ ಸಂಬಂಧ ಹಾಜಿ? ಯಾರದ್ದೋ," ಎಂದ ಅಬ್ದುಲ್ ಆಲ್ ಅವಳನ್ನು ಕಾಲಿನಿಂದಲೇ ಆಚೆ ತಳ್ಳಿದರು. ಮದಾಂಗೆ ಕಣ್ಣು ಮಂಜು, ಆ ಕೆಂಪು ಕಾಣಲಿಲ್ಲ. ಫುಲ್ಲಾಳ ಹಗ್ಗ ಹಿಡಿದು ಹೋದರು. ಹಿಂದೆಯೇ ಹೋಗಿ ಒಂದು ಮಾತು ಹೇಳಬಹುದಿತ್ತು. ಇವರು ಅತಿಥಿಗಳಿಗೆ ಇನ್ನೊಂದು ಸುತ್ತು ಚಹಾ ಬಗ್ಗಿಸಿದರು.

ಮರುದಿನ ಬೆಳಿಗ್ಗೆ ಕಣ್ಣುಗುಡ್ಡೆಯ ಮೇಲೆ ನೀಲಿ ಪೊರೆ ಕಟ್ಟಿತ್ತು. ಆಗ ಫುಲ್ಲಾಳನ್ನು ಎತ್ತಿಕೊಂಡು ವೈದ್ಯರ ಬಳಿ ಓಡಿದವರು ಇವರೇ. ರೆಪ್ಪೆಯೊಳಗೆ ಹುಲ್ಲಿನ ಮುಳ್ಳು ಸಿಕ್ಕಿ ಕಣ್ಣು ಗೀರಿತ್ತು. ನಿನ್ನೆಯೇ ತಂದಿದ್ದರೆ ಆ ಕಣ್ಣಿನ ದೃಷ್ಟಿ ಉಳಿಯುತ್ತಿತ್ತು ಎಂದರು ವೈದ್ಯರು. ಹೊರಗೆ ಕಾದಿದ್ದ ಮದಾಂ ಕೈಹಿಡಿದು ಹರಸಿದಾಗ ಇವರು ಹಿಂದಿನ ದಿನದ ಸಂಗತಿ ಮುಚ್ಚಿಟ್ಟರು.

"ಬೆಳಿಗ್ಗೆ ಹಗ್ಗ ಕಟ್ಟೋಕೆ ಹೋದ್ರೆ ಈಗ್ಲೂ ಬಾಲ ಅಲ್ಲಾಡಿಸ್ತಾಳೆ," ಎನ್ನುತ್ತಾರೆ. "ನಂಗೆ ಅದೇ ತಡ್ಕೊಳ್ಳೋಕಾಗಲ್ಲ."

ಈದ್ ಕಳೆದ ಮೇಲೆ ಮದುವೆ. ಬೀಗರಿಗೆ ಇನ್ನೂ ಏನೂ ಗೊತ್ತಿಲ್ಲ. ನಾಯಿಗಳ ಜೊತೆ ಫೋಟೋ ಬೇಡವೆಂದು ಅಬ್ದುಲ್ ಆಲ್ ನಮಗೆ ಮೊದಲೇ ಷರತ್ತು ಹಾಕಿದ್ದರು. ಈಗ ಎದ್ದು ನಿಲ್ಲುತ್ತಾರೆ.

"ಎಲ್ಲಾ ಬರೀರಿ. ಅಚ್ಚಾಗೋ ಮುಂಚೆ ಮದಾಂಗೆ ನಾನೇ ಹೇಳ್ತೀನಿ, ಈಗ್ಲೇ. ಅವರು ಒಪ್ಪಿದ್ರೆ ಫುಲ್ಲಾನ ಎತ್ಕೊಂಡು ಬರ್ತೀನಿ, ಫೋಟೋ ತೆಗೀರಿ. ಹಾಜಿ ಕೇಳಿದ್ರೆ ಈ ಸಲ ಹೇಳ್ತೀನಿ: ಹೌದು, ನಮ್ಮ ನಾಯಿನೇ."

ನಾಯಿಗಳ ನಿಲುವಂಗಿಯಲ್ಲೇ ಅವರು ಮೆಟ್ಟಿಲು ಹತ್ತುತ್ತಾರೆ.