ಎರಡು ಗುಂಡಿ

ನನ್ನ ತಂಗಿಯ ಮಗಳಿಗೆ ಆರು ವರ್ಷ. ತಾಂಡೂರಿನ ಶಾಲೆಯಲ್ಲಿ ಆಗಷ್ಟೇ ತೆಲುಗು ಅಕ್ಷರ ಕೂಡಿಸಿ ಓದುವುದನ್ನು ಕಲಿತಿದ್ದಳು. ರಜೆಗೆಂದು ತೆಲಂಗಾಣದ ಗಡಿಯಂಚಿಗೆ, ನ್ಯಾಲ್ಕಲ್ ಹತ್ತಿರದ ನಮ್ಮೂರಿಗೆ ಬಂದವಳು ಕಂಡ ಬೋರ್ಡನ್ನೆಲ್ಲ ಓದುತ್ತಿದ್ದಳು, ಓದಿದ್ದಕ್ಕೆಲ್ಲ ಅರ್ಥ ಕೇಳುತ್ತಿದ್ದಳು. ನಾನು ದಿನವಿಡೀ ಶಾಲೆಯಲ್ಲಿ ಮಕ್ಕಳಿಗೆ ಉತ್ತರ ಹೇಳಿ ಸುಸ್ತಾಗಿ ಬರುವವಳು. ಮನೆಯಲ್ಲಿ ಯಾರಾದರೂ ಏನಾದರೂ ಕೇಳಿದರೆ ಸಿಡುಕುತ್ತೇನೆ. ಇವಳ ಮುಂದೆ ಮಾತ್ರ ನನ್ನ ಸಿಡುಕು ನಡೆಯುತ್ತಿರಲಿಲ್ಲ.

ಅವತ್ತು ಮುಂಜಾನೆ ಅವಳು ಎದೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಬಾಯಿಂದ ಜೊಲ್ಲು ಸುರಿಯುತ್ತಿತ್ತು.

“ಆಯಿ, ಗುಂಡಿ ನೋಯಾಕತ್ತದ. ಇಲ್ಲಿ.”

ಅವಳ ಆಯಿ ಎಂದರೆ ನನ್ನ ಅವ್ವ. ಅವ್ವನ ಕೈಯಲ್ಲಿದ್ದ ಮೊರ ನೆಲಕ್ಕೆ ಬಿತ್ತು. ನಮ್ಮ ಕಡೆ ಮಾತಾಡುವಾಗ ಕನ್ನಡ ಎಲ್ಲಿ ಮುಗಿಯಿತು, ತೆಲುಗು ಎಲ್ಲಿ ಶುರುವಾಯಿತು ಎಂದು ಯಾರೂ ನೋಡುವುದಿಲ್ಲ. ತೆಲುಗಿನಲ್ಲಿ ಗುಂಡೆ ಎಂದರೆ ಹೃದಯ. ನನ್ನ ಅಪ್ಪ ತೀರಿಕೊಂಡದ್ದೂ ಹೃದಯದ ಕಾಯಿಲೆಯಿಂದ. ಅದೇ ಅಂಗಳದಲ್ಲಿ ಎದೆಯ ಅದೇ ಜಾಗ ಹಿಡಿದುಕೊಂಡು ಕೂತಿದ್ದರು.

“ಮುತ್ಯಾನ ಬ್ಯಾನಿ ಕೂಸಿಗೂ ಬಂತಲ್ಲೇ! ಆಟೋ ಕರಿ, ಲಗೂನ!” ಎಂದು ಅವ್ವ ಕೂಗಿದಳು.

ನಾನೂ ಅದನ್ನೇ ನಂಬಿದೆ. ತಂಗಿಗೆ ಇರುವವಳು ಇವಳೊಬ್ಬಳೇ. ಪಕ್ಕದ ಮನೆಯವರ ಆಟೋದಲ್ಲಿ ಜಹೀರಾಬಾದಿಗೆ ಹೊರಟೆವು. ಅಪ್ಪನನ್ನು ನೋಡಿದ್ದ ಹೃದಯದ ಡಾಕ್ಟರು ಅಲ್ಲೇ ಇದ್ದರು.

ಆಸ್ಪತ್ರೆಯ ಬೀದಿಗೆ ಬಂದಾಗ ಸಾಲು ಸಾಲು ಬೋರ್ಡು. ಹುಡುಗಿ ನನ್ನ ಸೆರಗಿಗೆ ಉಗುಳು ಒರೆಸುತ್ತ, ಅಂಥ ನೋವಿನಲ್ಲೂ ಓದತೊಡಗಿದಳು. ಉಗುಳನ್ನು ಯಾಕೆ ನುಂಗುತ್ತಿಲ್ಲ ಎಂದು ನನಗೆ ಹೊಳೆಯಲಿಲ್ಲ. ಓದುತ್ತಿದ್ದರೆ ಅಳುವುದಿಲ್ಲವಲ್ಲ ಎಂದು ಬಿಟ್ಟೆ.

“ಎ-ಮು-ಕ-ಲು. ಏನು ದೊಡ್ಡವ್ವ?”

“ಎಲುಬು. ಕೈಕಾಲು ಮುರದ್ರ ಈ ಡಾಕ್ಟರು ಪಟ್ಟಿ ಹಾಕ್ತಾರ. ಎಲುಬು ತಾನೇ ಕೂಡ್ತದ, ಸೊಟ್ಟ ಕೂಡಬಾರದಂತ ಇವರು ಹಿಡಿದು ಇಡ್ತಾರ.”

“ಅದು?”

“ಚರ್ಮದ ಡಾಕ್ಟರು. ತುರಿಕಿ, ಗಜಕರ್ಣ ನೋಡ್ತಾರ. ಅದರ ಬಾಜು ಇರೋದು ಕಿವಿ, ಮೂಗು, ಗಂಟಲಿನವರು.”

“ಎಲ್ಲಾಕ್ಕೂ ಒಬ್ಬರೇ ಯಾಕಿಲ್ಲ?”

“ಮೈಯಾಗ ಭಾಳ ಕೆಲಸ ನಡೀತಾವ. ಒಬ್ಬರಿಗೇ ಎಲ್ಲಾ ಪೂರ್ತಿ ಕಲಿಯಾಕ ಆಗಂಗಿಲ್ಲ. ಅದಕ್ಕ ಹಂಚಿಕೊಂಡಾರ.”

ಹೃದಯದ ಡಾಕ್ಟರ ಕೌಂಟರಿನಲ್ಲಿ ಅವ್ವ “ಗುಂಡೆ ನೊಪ್ಪಿ” ಎಂದು ತೆಲುಗಿನಲ್ಲೇ ಹೇಳಿದಳು. ಸಣ್ಣ ಕೂಸಿಗೆ ಎದೆನೋವು ಎಂದದ್ದೇ ಸರತಿ ಬಿಡಿಸಿ ಒಳಗೆ ಕಳಿಸಿದರು. ಮಲಗಿಸಿ ಕೈಗೆ, ಕಾಲಿಗೆ ಕ್ಲಿಪ್ಪು ಹಾಕಿ ಎದೆಗೆ ವೈರು ಅಂಟಿಸುವಾಗ ಹುಡುಗಿ ನನ್ನ ಕುತ್ತಿಗೆಗೆ ಜೋತುಬಿದ್ದಳು.

“ಅಂಜಬ್ಯಾಡ. ನೀ ಗುಂಡಿ ನೋಯ್ತದ ಅಂದಿ ನೋಡು, ಅದರ ಡಾಕ್ಟರು ಇವರು. ಎದಿಯೊಳಗ ಲಬ್ ಡಬ್ ಅಂತದಲ್ಲ, ಅದು ಮೈತುಂಬ ರಕ್ತ ದೂಡ್ತದ. ಸರಿ ಬಡೀತದಿಲ್ಲೋ ಅಂತ ಈ ಮಶೀನು ಹೇಳ್ತದ. ಎಲ್ಲರಿಗೂ ಅದು ಒಂದೇ ಇರ್ತದ. ಅದಕ್ಕ ಜೋಪಾನ ಮಾಡಬೇಕು.”

“ನಂಗ ಎರಡವ.”

“ಮಾತಾಡಬ್ಯಾಡ, ಸುಮ್ನ ಮಲ್ಕೊ.”

“ಖರೇ ದೊಡ್ಡವ್ವ. ಒಂದು ಒಳಗಿಂದು. ಒಂದು ನಾ ನುಂಗಿದ್ದು.”

ಅವಳ ಮುಖವನ್ನು ನನ್ನ ಕಡೆ ತಿರುಗಿಸಿದೆ.

“ಏನು ನುಂಗೀದಿ?”

“ಗುಂಡಿ. ಮುತ್ಯಾನ ದೀಪದಾಗಿಂದು.”

ಮನೆಯಲ್ಲಿ ಅಪ್ಪನ ಫೋಟೋದ ಮುಂದೆ ಒಂದು ಪ್ಲಾಸ್ಟಿಕ್ ದೀಪ ಇತ್ತು. ಅಂಗಿಯ ಗುಂಡಿಯಂತೆ ಚಪ್ಪಟೆಯಾಗಿ ಮಿಂಚುವ ಒಂದು ಸೆಲ್ಲು ಹಾಕಿದರೆ ಉರಿಯುತ್ತದೆ. ಆ ಮುಂಜಾನೆ ಅದು ಆರಿತ್ತು. ಸೆಲ್ಲು ತೀರಿರಬೇಕು ಎಂದು ಅವ್ವ ಗೊಣಗಿದ್ದು ನನಗೆ ಆಗ ನೆನಪಾಯಿತು.

ಡಾಕ್ಟರು ಮಶೀನಿನ ಕಾಗದ ಹರಿದು ನೋಡುವ ಗೋಜಿಗೂ ಹೋಗಲಿಲ್ಲ. ಎಕ್ಸ್‌ರೇ ತೆಗೆಸಿದರು. ಎದೆಯ ನಡುವೆ ಬೆಳ್ಳಗೆ ದುಂಡನೆಯದೊಂದು ಕೂತಿತ್ತು. ಅದರ ಅಂಚಿನ ಒಳಗೆ ಇನ್ನೊಂದು ಗೆರೆ. ನಾಣ್ಯವಾಗಿದ್ದರೆ ಅಂಚು ಒಂದೇ ಇರುತ್ತಿತ್ತು, ಇದು ಸೆಲ್ಲು, ಅನ್ನನಾಳದಲ್ಲಿ ಸಿಕ್ಕಿಕೊಂಡಿದೆ ಎಂದರು. ಒದ್ದೆ ಮಾಂಸಕ್ಕೆ ತಾಗಿ ಕರೆಂಟು ಹರಿಯುತ್ತದಂತೆ, ಕೂತಲ್ಲೇ ಸುಡುತ್ತ ಹೋಗುತ್ತದಂತೆ. “ಇದು ನನ್ನ ಕೈಯ ಕೆಲಸ ಅಲ್ಲ. ಕೊಳವೆ ಇಳಿಸಿ ತೆಗೆಯುವವರು ಬೇಕು” ಎಂದು ಬೀದರಿಗೆ ತಾವೇ ಫೋನು ಮಾಡಿದರು, ಆಂಬುಲೆನ್ಸನ್ನೂ ಕರೆಸಿದರು.

ಅಷ್ಟರಲ್ಲಿ ಅವ್ವ ಹೊರಗೆ ಹೋಗಿ ಬಾಳೆಹಣ್ಣು ತಂದಿದ್ದಳು. “ಹಣ್ಣು ತಿಂದ್ರ ಕೆಳಗ ಇಳೀತದ” ಎಂದು ಸಿಪ್ಪೆ ಸುಲಿದೂ ಆಗಿತ್ತು. ಡಾಕ್ಟರು ಅದನ್ನು ಕೈಯಿಂದ ಕಿತ್ತುಕೊಂಡರು. ಊಟ ಬೇಡ, ವಾಂತಿ ಮಾಡಿಸುವುದೂ ಬೇಡ. ದಾರಿಯಲ್ಲಿ ಆಗಾಗ ಎರಡು ಚಮಚ ಜೇನುತುಪ್ಪ ಮಾತ್ರ, ಅದು ಸುಡುವುದನ್ನು ಸ್ವಲ್ಪ ತಡೆಯುತ್ತದೆ ಎಂದರು.

ಬಂದ ದಾರಿಯಲ್ಲೇ ಹಿಂದಕ್ಕೆ ಹೋದೆವು. ನಮ್ಮೂರ ತಿರುವು ದಾಟಿತು. ಮುಂಜಾನೆ ನೇರವಾಗಿ ಬೀದರಿಗೇ ಹೋಗಬೇಕಿತ್ತು. ದಾರಿಗಡ್ಡ ಬಂದ ಕುರಿಹಿಂಡಿಗೆ ಬಾಯಿಗೆ ಬಂದಂತೆ ಬೈದೆ. ಆ ದೀಪ ಮಾಡಿದವರಿಗೂ ಬೈದೆ. ಮಕ್ಕಳ ಉಗುರಿಗೂ ಬಿಚ್ಚಿಕೊಳ್ಳುವ ಮುಚ್ಚಳ ಇಟ್ಟವರ ಮನೆ ಹಾಳಾಗ! ತಂಗಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. “ಹೊಂಟೀನಿ” ಎಂದಷ್ಟೇ ಹೇಳಿ ಫೋನು ಇಟ್ಟಳು.

“ಈಗ ಯಾವ ಡಾಕ್ಟರು?” ಹುಡುಗಿಯ ದನಿ ಕ್ಷೀಣಿಸಿತ್ತು.

“ಹೊಟ್ಟಿ, ಅನ್ನನಾಳದವರು. ಬಾಯಿಯಿಂದ ಸಣ್ಣ ಕೊಳವಿ ಇಳಿಸ್ತಾರ. ಅದರ ತುದಿಗೆ ಕ್ಯಾಮೆರಾ ಇರ್ತದ, ದೀಪ ಇರ್ತದ, ಸಣ್ಣ ಚಿಮಟಿ ಇರ್ತದ.”

“ಆ ದೀಪದಾಗೂ ಗುಂಡಿ ಇರ್ತದೇನು?”

ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಚಮಚದ ಜೇನು ಅವಳ ಗಲ್ಲಕ್ಕೆ ಇಳಿಯಿತು.

ಬೀದರಿನಲ್ಲಿ ಬಾಗಿಲಲ್ಲೇ ಕಾಯುತ್ತಿದ್ದರು. ಹಸಿರು ಟೋಪಿಯ ಹೆಣ್ಣುಮಗಳೊಬ್ಬಳು ಅವಳ ಹತ್ತಿರ ಬಗ್ಗಿದಳು. “ನಾ ನಿದ್ದಿ ಬರಸೋ ಡಾಕ್ಟರು. ನೀ ಮಲಗಿದ್ಮ್ಯಾಲ ಹೊಟ್ಟಿ ಡಾಕ್ಟರು ಗುಂಡಿ ತೆಗೀತಾರ, ನಿಂಗ ಗೊತ್ತೇ ಆಗಂಗಿಲ್ಲ.”

“ಎಬ್ಬಿಸೋ ಡಾಕ್ಟರು ಯಾರು?”

“ಅದೂ ನಾನೇ. ನೀ ಏಳೋತನ ನಿನ್ನ ಬಾಜುನೇ ಇರ್ತೀನಿ, ಎಲ್ಲೂ ಹೋಗಂಗಿಲ್ಲ.”

ಬಾಗಿಲು ಮುಚ್ಚಿತು. ಆ ಡಾಕ್ಟರ ಮಾತನ್ನೇ ಮನಸ್ಸಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂತೆ. ಅವ್ವ ಬಾಳೆಹಣ್ಣಿನ ಚೀಲ ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ನನ್ನ ಕಡೆ ತಿರುಗಿ ಹೇಳಿದಳು:

“ಕೂಸು ಖರೇನೇ ಹೇಳಿತ್ತು. ನಾ ತೆಲುಗಿನಾಗ ಕೇಳಿಸ್ಕೊಂಡೆ.”

ಬೈಯಬೇಕೆಂದು ಬಾಯಿ ತೆರೆದವಳು ಚೀಲ ಪಕ್ಕಕ್ಕಿಟ್ಟು ಅವಳ ಕೈ ಹಿಡಿದೆ.

ಹೊಟ್ಟೆಯ ಡಾಕ್ಟರು ಹೊರಗೆ ಬಂದಾಗ ಸ್ಟೀಲಿನ ತಟ್ಟೆಯಲ್ಲಿ ಸೆಲ್ಲು ಇತ್ತು. ಒಂದು ಮೈ ಕರಕಲಾಗಿತ್ತು. ಒಳಗೆ ಸುಟ್ಟಿದೆ, ತೂತು ಬಿದ್ದಿಲ್ಲ, ಆದರೂ ಕೆಲವು ದಿನ ಇಲ್ಲೇ ಇರಬೇಕು, ಬಾಯಿಂದ ಏನೂ ಕೊಡಬಾರದು ಎಂದರು.

ಹುಡುಗಿ ಕಣ್ಣು ಬಿಟ್ಟಾಗ ತಾಂಡೂರಿನಿಂದ ತಂಗಿಯೂ ಬಂದು ಮುಟ್ಟಿದ್ದಳು. ಅವಳು ಮಗಳ ತಲೆ ಸವರುತ್ತಿದ್ದರೆ, ಮಗಳು ನನ್ನನ್ನು ಹುಡುಕಿದಳು. ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಕೊಳವೆ ಇಳಿಸಿದ್ದರಿಂದ ದನಿ ಒಡೆದಿತ್ತು.

“ದೊಡ್ಡವ್ವ, ಈಗ ಒಂದೇ ಅದ?”

“ಒಂದೇ ಅದ.”

“ಅದನ್ನೂ ತೆಗೀತಾರೇನು?”

ತಂಗಿ ಏನೂ ತಿಳಿಯದೆ ನನ್ನ ಮುಖ ನೋಡಿದಳು. ನಾನು ಆ ಪುಟ್ಟ ಕೈಯ ಮೇಲೆ ನನ್ನ ಕೈ ಇಟ್ಟೆ. ಕೆಳಗೆ ಬಡಿಯುತ್ತಿತ್ತು.

“ಇಲ್ಲ, ನನ್ನವ್ವಾ. ಅದು ನಿಂದು. ಅದನ್ನ ಯಾವ ಡಾಕ್ಟರೂ ತೆಗಿಯಂಗಿಲ್ಲ” ಎಂದೆ.